ಬಟಾಟೆಗೂ ಅಡಿಕೆಗೂ ಸಂಬಂಧ ಕೇಳಿದ ವರ್ಷ

ಕೊಳೆತ ಬಟಾಟೆಯ ವಾಸನೆ ಕೈಗೆ ಅಂಟಿದರೆ ಸೋಪಿಗೆ ಹೋಗುವುದಿಲ್ಲ. ಹುಣಸೆಹುಳಿ ಹಾಕಿ ಉಜ್ಜಬೇಕು. ಪ್ಲಾಂಟ್ ಪೆಥಾಲಜಿ ಲ್ಯಾಬಿಗೆ ಹೊಸದಾಗಿ ಸೇರುವ ಮಕ್ಕಳಿಗೆ ನಾನು ಕೊಡಬಹುದಾದ ಮೊದಲನೇ ಅಡ್ವೈಸ್ ಇದು. ಉಳಿದದ್ದೆಲ್ಲ ಪುಸ್ತಕದಲ್ಲಿ ಉಂಟು. ಇದು ಇಲ್ಲ.

ಪುತ್ತೂರಿನ ಹೊರಗೆ, ಬೈಪಾಸಿಗೆ ಮೊದಲು ಸಿಗುವ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಸರ್ವಿಸ್ ಪೂರ್ತಿ ಕಳೆಯಿತು. ಯಾವ ಪ್ರಮೋಷನ್ ಯಾವಾಗ ಸಿಕ್ಕಿತು ಎಂದು ಕೇಳಿದರೆ ಪೆನ್ಷನ್ ಪೇಪರ್ ತೆಗೆದು ನೋಡಬೇಕು. ಆದರೆ ಯಾವ ಮಳೆಗಾಲದಲ್ಲಿ ಯಾವ ಪ್ಲೇಟಿನಲ್ಲಿ ಏನು ಬೆಳೆದಿತ್ತು ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ. ಹಾಗೆ ನೋಡಿದರೆ ನಾನು ಸುಖವಾಗಿ ಕೆಲಸ ಮಾಡಿದವಳು. ಈಗ ಬೆಳಿಗ್ಗೆ ಚರ್ಚಿನಲ್ಲಿ ಮಾಸ್ ಮುಗಿಸಿ ಬಂದು ಕಾಫಿ ಕುಡಿಯುವಾಗ, ಇನ್‌ಕ್ಯುಬೇಟರಿನ ಬಾಗಿಲು ತೆಗೆದು ಒಳಗೆ ಇಣುಕುವ ಆ ಒಂದು ನಿಮಿಷ ಮಾತ್ರ ಬೇಕು ಅನ್ನಿಸುತ್ತದೆ. ಜಸ್ಟ್ ದಟ್ ಒನ್ ಮಿನಿಟ್.

ನಮ್ಮ ಲ್ಯಾಬಿನ ಕೆಲಸ ಅಡಿಕೆಯ ಕೊಳೆರೋಗ. ಮಳೆಗಾಲದಲ್ಲಿ ಎಳೆ ಅಡಿಕೆಯನ್ನು ಕೊಳೆಯಿಸಿ ಉದುರಿಸುವ ಈ ರೋಗಕ್ಕೆ ಮಹಾಳಿ ಎಂದೂ ಹೇಳುತ್ತಾರೆ. ಬಟಾಟೆ ನಮಗೆ ಬಂದದ್ದು ಹೆಡ್ ಆಗಿದ್ದ ಡಾಕ್ಟರ್ ಕುಲಕರ್ಣಿಯವರ ಜೊತೆಗೆ. ಧಾರವಾಡ ಕಡೆಯವರು. ಅವರ ಪಿಎಚ್‌ಡಿ ಬಟಾಟೆಯ ಅಂಗಮಾರಿ ರೋಗದ ಮೇಲೆ. ಅವರು ಆಲೂಗಡ್ಡಿ ಅನ್ನುತ್ತಿದ್ದರು, ನಾವು ಬಟಾಟೆ. ಇಪ್ಪತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ಯಾರೂ ಸೋಲಲಿಲ್ಲ.

ಬಟಾಟೆಯ ಅಂಗಮಾರಿ, ಅಡಿಕೆಯ ಕೊಳೆ, ಎರಡನ್ನೂ ತರುವುದು ಫೈಟಾಫ್ತೊರ ಎಂಬ ಒಂದೇ ಕುಲದ ಬೇರೆ ಬೇರೆ ಜಾತಿಗಳು. ಕಣ್ಣಿಗೆ ಬೂಷ್ಟಿನ ಹಾಗೆ ಕಾಣುತ್ತದೆ, ಆದರೆ ಶಿಲೀಂಧ್ರವಲ್ಲ. ಸಮುದ್ರದ ಕಂದು ಪಾಚಿಗೆ ಹತ್ತಿರದ ನೆಂಟ. ನೀರು ಸಿಕ್ಕಿದರೆ ಬಾಲವಿರುವ ಕಣಗಳನ್ನು ಬಿಡುತ್ತದೆ, ಅವು ಈಜುತ್ತವೆ. ಮೊದಲನೇ ಸಲ ಮೈಕ್ರೊಸ್ಕೋಪಿನಲ್ಲಿ ಅವು ಓಡುವುದನ್ನು ಕಂಡಾಗ ನಾನು ಕೂಗಿದ್ದು ಪಕ್ಕದ ಆಫೀಸಿನವರೆಗೆ ಕೇಳಿತ್ತಂತೆ.

ಇದನ್ನು ಬಟಾಟೆಯಿಂದ ಬೇರ್ಪಡಿಸುವ ಹಳೆಯ ಉಪಾಯ ಅಡುಗೆಮನೆಯ ಉಪಾಯವೇ. ರೋಗ ಬಿದ್ದ ಎಲೆಯ ಚೂರನ್ನೋ ಗೆಡ್ಡೆಯ ಚೂರನ್ನೋ ತಟ್ಟೆಯಲ್ಲಿಟ್ಟು, ಅದರ ಮೇಲೆ ಆರೋಗ್ಯವಂತ ಬಟಾಟೆಯ ತೆಳ್ಳಗಿನ ಹೋಳು ಮುಚ್ಚಿ, ತಂಪಿನಲ್ಲಿಡುವುದು. ಒಂದು ವಾರದೊಳಗೆ ಹೋಳನ್ನು ತೂರಿಕೊಂಡು ಮೇಲಿನ ಬದಿಯಲ್ಲಿ ಬಿಳಿ ನೂಲು ಅರಳುತ್ತದೆ. ಉಳಿದ ಕೊಳಕು ಬ್ಯಾಕ್ಟೀರಿಯಾ ಎಲ್ಲ ಕೆಳಗೇ ಉಳಿಯುತ್ತದೆ. ಆ ಬಿಳಿ ಅಷ್ಟು ಶುಭ್ರವಾಗಿರುತ್ತದೆ ಎಂದರೆ, ಚರ್ಚಿನಲ್ಲಿ ಫಸ್ಟ್ ಕಮ್ಯೂನಿಯನ್ನಿಗೆ ನಿಂತ ಹುಡುಗಿಯರ ಬಿಳಿ ವೇಲ್ ನೆನಪಾಗುತ್ತದೆ. ರೋಗಕ್ಕೆ ಅಷ್ಟು ಚಂದ ಇರಬಾರದು.

ಈ ಕೆಲಸಕ್ಕೆ ಕೊಳೆತ ಬಟಾಟೆ ಬೇಕು. ಅದನ್ನು ಹುಡುಕಿಕೊಂಡು ಹೋದದ್ದರಿಂದ ನನಗೆ ಹಮೀದಾಕ, ಅಂದರೆ ಹಮೀದ್ ಕಾಕ, ಪರಿಚಯವಾದರು. ಪುತ್ತೂರು ಪೇಟೆಯಲ್ಲಿ ಅವರದ್ದು ಬಟಾಟೆ ನೀರುಳ್ಳಿಯ ಹೋಲ್‌ಸೇಲ್ ಅಂಗಡಿ. ಮಳೆಗಾಲದಲ್ಲಿ ಹಾಸನದ ಹೊಸ ಬಟಾಟೆ ಘಾಟಿ ಇಳಿದು ಬರುತ್ತದೆ, ಬರುವಾಗ ಅಂಗಮಾರಿಯೂ ಅದರೊಳಗೆ ಕುಳಿತು ಬರುತ್ತದೆ. ನಾನು ಮೊದಲ ದಿನ ಹೋಗಿ, ನಿಮ್ಮಲ್ಲಿ ಹಾಳಾದದ್ದು ಇದ್ದರೆ ಆರಿಸಿಕೊಡಿ, ಒಳ್ಳೆಯದು ಬೇಡ ಎಂದೆ. ಅವರು ತಕ್ಕಡಿ ಕೆಳಗಿಟ್ಟು ನನ್ನನ್ನು ನೋಡಿದರು.

"ಎಂತ ಬಾಯಮ್ಮ, ಮನೆಯಲ್ಲಿ ಯಾರ ಮೇಲಾದ್ರೂ ಸಿಟ್ಟು ಉಂಟಾ?"

ಬಾಯಮ್ಮ ಎಂದರೆ ನಮ್ಮ ಕಡೆ ಕ್ರಿಶ್ಚನ್ ಹೆಂಗಸರನ್ನು ಎಲ್ಲರೂ ಕರೆಯುವ ರೀತಿ. ಐರಿನ್ ಎಂಬ ನನ್ನ ಹೆಸರು ಲ್ಯಾಬಿನೊಳಗೆ ಮಾತ್ರ ಬಳಕೆಯಾಯಿತು. ಆಮೇಲೆ ಅವರ ಅಂಗಡಿಯ ಮೂಲೆಯಲ್ಲಿ ಒಂದು ಬುಟ್ಟಿ ನನಗಾಗಿಯೇ ಇರುತ್ತಿತ್ತು. ಬಾಯಮ್ಮನ ಬಟಾಟೆ ಎಂದು ಅದಕ್ಕೆ ಹೆಸರು. ಅದಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಹಾಕುವುದಕ್ಕೆ ಕಾರಣವೂ ಇರಲಿಲ್ಲ, ಆಫ್ ಕೋರ್ಸ್.

ಅಂಗಮಾರಿಗೆ ನಮ್ಮ ಊರಿನ ಸೆಕೆ ಆಗುವುದಿಲ್ಲ. ಅದು ಊಟಿ, ಹಾಸನದ ತಂಪಿನ ಜೀವ. ಕರೆಂಟು ಹೋಗಿ ಇನ್‌ಕ್ಯುಬೇಟರ್ ನಿಂತರೆ ಬೆಳೆಸಿದ್ದೆಲ್ಲ ಸಾಯುತ್ತದೆ. ಜನರೇಟರ್ ಬರುವ ಮೊದಲು ನಾವು ಕಲ್ಚರ್ ಟ್ಯೂಬುಗಳ ಬಾಯಿ ಬಿಗಿದು ಮಣ್ಣಿನ ಮಡಕೆಯ ತಣ್ಣೀರಿನಲ್ಲಿ ಇಳಿಸಿಡುತ್ತಿದ್ದೆವು. ಕುಡಿಯುವ ನೀರಿನ ಮಡಕೆಯೂ ಅದರ ಪಕ್ಕದಲ್ಲೇ. ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರೊಬ್ಬರು ಬಾಯಾರಿ ತಾವೇ ಮುಚ್ಚಳ ತೆಗೆದು ಲೋಟ ಅದ್ದಿದರು. ಲೋಟದ ಒಟ್ಟಿಗೆ ಎರಡು ಟ್ಯೂಬು ಮೇಲೆ ಬಂದವು. ಅವರು ಕುಡಿಯಲಿಲ್ಲ, ಥ್ಯಾಂಕ್ ಗಾಡ್. ಮುಂದಿನ ಬಜೆಟ್ಟಿನಲ್ಲಿ ನಮಗೆ ಜನರೇಟರ್ ಬಂತು. ಕುಲಕರ್ಣಿ ಸರ್ ಅರ್ಜಿ ಬರೆದು ಬರೆದು ಆಗದ ಕೆಲಸ ಆ ಒಂದು ಲೋಟ ಮಾಡಿತು.

ಈಗ ನಾನು ಹೇಳಬೇಕೆಂದಿರುವ ಕೇಸಿಗೆ ಬರುತ್ತೇನೆ.

ಫೈಟಾಫ್ತೊರದಲ್ಲಿ ಎ-ವನ್, ಎ-ಟೂ ಎಂದು ಎರಡು ಬಗೆ. ಗಂಡು ಹೆಣ್ಣು ಎಂದು ಹೇಳಿಕೊಡುವವರಿದ್ದಾರೆ, ಅದು ತಪ್ಪು. ಪ್ರತಿಯೊಂದರೊಳಗೂ ಗಂಡೂ ಉಂಟು ಹೆಣ್ಣೂ ಉಂಟು. ಒಂದೇ ಬಗೆ ಇರುವಷ್ಟು ಕಾಲ ಅದು ತನ್ನದೇ ಜೆರಾಕ್ಸ್ ತೆಗೆಯುತ್ತಾ ಹೋಗುತ್ತದೆ. ಎದುರಿನ ಬಗೆ ಹತ್ತಿರ ಬಂದರೆ ದಪ್ಪ ಗೋಡೆಯ ದುಂಡು ಬೀಜಕಗಳು ಹುಟ್ಟುತ್ತವೆ. ಅವಕ್ಕೆ ಊಸ್ಪೋರ್ ಎನ್ನುತ್ತೇವೆ. ಜೀನುಗಳು ಇಸ್ಪೀಟಿನ ಹಾಗೆ ಕಲಸಿ ಹೊಸ ಕೈ ಬೀಳುವುದು ಅಲ್ಲಿ. ಆ ಕಾಲಕ್ಕೆ ದಕ್ಷಿಣದ ಬಟಾಟೆ ಹೊಲಗಳಲ್ಲಿ ಎ-ಟೂ ಬಗೆಯದ್ದೊಂದು ಹೊಸ ತಳಿ ಹಬ್ಬಿ, ಹಳೆಯದನ್ನು ಬದಿಗೆ ತಳ್ಳಿತ್ತು. ಮೊದಲು ಕೆಲಸ ಮಾಡುತ್ತಿದ್ದ ಔಷಧಿಗೆ ಅದು ಬಗ್ಗುತ್ತಿರಲಿಲ್ಲ. ಎವಲ್ಯೂಷನ್ ಎಂದರೆ ಲಕ್ಷಾಂತರ ವರ್ಷದ ಮಾತು ಎಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ನನ್ನ ಸರ್ವಿಸಿನೊಳಗೇ ಅದು ನಡೆದುಹೋಯಿತು.

ಹತ್ತಿರದ ನರಿಮೊಗರಿನಲ್ಲಿ ಒಂದು ಕೃಷಿಕರ ಸಭೆ. ಕುಲಕರ್ಣಿ ಸರ್ ಉತ್ಸಾಹದಲ್ಲಿ ಇದನ್ನೆಲ್ಲ ಸ್ಲೈಡ್ ಹಾಕಿ ವಿವರಿಸಿದರು. ಬಟಾಟೆಯ ರೋಗವೂ ನಿಮ್ಮ ಅಡಿಕೆಯ ರೋಗವೂ ಒಂದೇ ಮನೆತನ ಎಂದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಸಂಜೀವ ರೈಗಳು ಎದ್ದು ನಿಂತರು. ದೊಡ್ಡ ತೋಟದವರು, ಓದಿಕೊಂಡವರು, ನಾಲ್ಕು ಜನ ಕೇಳುವ ಮಾತಿನವರು. ಆ ವರ್ಷ ಎರಡು ಸಲ ಮದ್ದು ಬಿಟ್ಟರೂ ಅವರ ತೋಟದ ಒಂದು ಬದಿಯ ಅಡಿಕೆ ನೆಲಕ್ಕೆ ಬಿದ್ದಿತ್ತು.

"ಸರ್, ಮನೆತನ ಇರ್ಲಿ. ಅವೆರಡು ಒಂದೇ ಬರಿಯವಾ, ಅಲ್ಲ ಸಂಬಂಧ ಮಾಡ್ಬಹುದಾ?"

ಸಭೆ ನಕ್ಕಿತು. ರೈಗಳು ನಗಲಿಲ್ಲ. ತುಳುವರಲ್ಲಿ ಬರಿ ಎಂದರೆ ತಾಯಿಯಿಂದ ಬರುವ ಬಳಿ. ಒಂದೇ ಬರಿಯವರು ಅಣ್ಣ ತಂಗಿ ಲೆಕ್ಕ, ಮದುವೆ ಇಲ್ಲ. ಬೇರೆ ಬರಿಯಾದರೆ ಮಾತು ಮುಂದುವರಿಸಬಹುದು. ಎರಡು ರೋಗ ಕೂಡಿ ಮೂರನೆಯದು ಹುಟ್ಟುತ್ತದೆಯೇ ಎಂದು ಅವರು ಕೇಳಿದ್ದು. ಜೆನೆಟಿಕ್ಸ್‌ನಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ. ಕುಲಕರ್ಣಿ ಸರ್‌ಗೆ ಬರಿ ಎಂದರೆ ಏನೆಂದು ನಾನು ಹೇಳುವಷ್ಟರಲ್ಲಿ ಟೀ ಬಂತು.

ಪ್ರಶ್ನೆಯ ಹಿಂದೆ ಏನಿತ್ತೆಂದು ತಿಳಿದದ್ದು ಮರುವಾರ, ಹಮೀದಾಕ ಲ್ಯಾಬಿಗೆ ಬಂದಾಗ. ಅವರ ಗೋಡೌನ್ ಇದ್ದದ್ದು ರೈಗಳ ಜಾಗದಲ್ಲಿ, ತೋಟದ ಬೇಲಿಗೆ ಒರಗಿ. ಅಪ್ಪಂದಿರ ಕಾಲದ ಬಾಡಿಗೆ, ಬಾಯಿಮಾತಿನ ಕರಾರು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನವರು. ಕೊಳೆತ ಬಟಾಟೆಯನ್ನು ಹಮೀದಾಕನ ಆಳುಗಳು ಬೇಲಿ ಬದಿಯ ಗುಂಡಿಗೆ ಹಾಕುತ್ತಿದ್ದರು. ಅಡಿಕೆ ಉದುರಿದ್ದೂ ಅದೇ ಬದಿಯಲ್ಲಿ. ನಿನ್ನ ಬಟಾಟೆಯ ರೋಗ ನನ್ನ ಅಡಿಕೆಗೆ ಸಂಬಂಧ ಬೆಳೆಸಿತು, ದೀಪಾವಳಿ ಆದ ಮೇಲೆ ಗೋಡೌನ್ ಬಿಡು ಎಂದಿದ್ದರು ರೈಗಳು. ಅಷ್ಟೇ ಅಲ್ಲ, ಡಿಸೆಂಬರಿನಲ್ಲಿ ಇದ್ದ ಅವರ ಮಗಳ ಮದುವೆಗೆ ಬಟಾಟೆ ನೀರುಳ್ಳಿಯ ಆರ್ಡರ್ ಮಂಗಳೂರಿಗೆ ಹೋಗಿತ್ತು.

ಹಮೀದಾಕ ಸ್ಟೂಲಿನ ಮೇಲೆ ಕುಳಿತು ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗೋಡೌನ್ ಬೇರೆ ಸಿಕ್ಕೀತು ಎಂದರು. ಊರಿಗೆ ರೋಗ ತಂದವ ಎಂಬ ಮಾತು ಬೆನ್ನಿಗೆ ಬಂದರೆ ಅದನ್ನು ಎಲ್ಲಿ ಇಳಿಸುವುದು?

"ಮದುವೆಗೂ ಬೇರೆಯವರ ಬಟಾಟೆ, ಬಾಯಮ್ಮ. ಅವಳು ತೊಟ್ಟಿಲಲ್ಲಿ ಇರುವಾಗ ನೋಡಿದವ ನಾನು. ನೀವು ಅದರಲ್ಲಿ ಎಂತ ಉಂಟು ಅಂತ ನೋಡಿ ಹೇಳಿ. ನನ್ನದೇ ತಪ್ಪು ಅಂತ ಬಂದ್ರೆ ನಾನು ಮಾತಾಡದೆ ಹೋಗ್ತೇನೆ."

ರೈಗಳೂ ಒಪ್ಪಿದರು. ಲ್ಯಾಬ್ ಹೇಳಿದ್ದೇ ಕೊನೆ ಎಂದರು. ಹೀಗೆ ಒಂದು ಸರಕಾರಿ ಲ್ಯಾಬು ಇಬ್ಬರು ಹಳೆಯ ಗೆಳೆಯರ ಪಂಚಾಯ್ತಿಗೆ ಕುಳಿತಿತು.

ಗುಂಡಿಯಿಂದ ಬಟಾಟೆ ತಂದೆವು, ತೋಟದಿಂದ ಕೊಳೆತ ಅಡಿಕೆ ತಂದೆವು. ಎರಡನ್ನೂ ಬೇರೆ ಬೇರೆ ಬೆಳೆಸಿದೆವು. ಬಟಾಟೆಯ ರೋಗವನ್ನು ಎಳೆ ಅಡಿಕೆಯ ಮೇಲಿಟ್ಟೆವು, ಅಡಿಕೆಯ ರೋಗವನ್ನು ಬಟಾಟೆ ಹೋಳಿನ ಮೇಲೆ. ಅಡಿಕೆ ಹಸಿರಾಗಿಯೇ ಉಳಿಯಿತು. ಆದರೆ ಬಟಾಟೆ ಹೋಳಿನ ಮೇಲೆ ಅಡಿಕೆಯ ರೋಗ ಚೆನ್ನಾಗಿ ಬೆಳೆದು ಬಿಳಿಯಾಗಿ ಕುಳಿತಿತು. ನನಗೆ ಆಶ್ಚರ್ಯವಾಗಲಿಲ್ಲ. ಕತ್ತರಿಸಿಟ್ಟ ಹೋಳು ಬಾಗಿಲು ತೆರೆದಿಟ್ಟ ಮನೆ, ಯಾರು ಬೇಕಾದರೂ ಒಂದು ರಾತ್ರಿ ತಂಗಬಹುದು. ಹೊಲದಲ್ಲಿರುವ ಗಿಡ ಹಾಗಲ್ಲ. ಆದರೆ ನೋಡಲು ಬಂದ ರೈಗಳು ಆ ಬಿಳಿಗೆ ಬೆರಳು ತೋರಿಸಿ, "ಇದು ಸಂಬಂಧ ಅಲ್ದೆ ಮತ್ತೆಂತ?" ಎಂದರು.

ಹಮೀದಾಕ ಬಾಗಿಲ ಬಳಿಯೇ ನಿಂತಿದ್ದರು. "ಇದು ತೋಟದಿಂದ ಬಟಾಟೆಗೆ ಬಂದದ್ದಲ್ವಾ ಬಾಯಮ್ಮ? ಹಾಗಾದ್ರೆ ನಾನೆಂತಕ್ಕೆ ಗೋಡೌನ್ ಬಿಡುದು? ಅವರು ತೋಟ ಬಿಡ್ಲಿ."

ರೈಗಳು ಚಪ್ಪಲಿ ಹಾಕಿಕೊಂಡು ಹೊರಟುಹೋದರು.

ಉಳಿದದ್ದು ಅವರ ಮೂಲ ಪ್ರಶ್ನೆ. ಒಂದೇ ತಟ್ಟೆಯಲ್ಲಿ, ಒಂದು ಅಂಚಿಗೆ ಬಟಾಟೆಯದ್ದು, ಎದುರಿನ ಅಂಚಿಗೆ ಅಡಿಕೆಯದ್ದು ಇಟ್ಟು ಕತ್ತಲೆಯಲ್ಲಿ ಬೆಳೆಯಲು ಬಿಟ್ಟೆವು. ಎರಡರ ನೂಲುಗಳು ನಡುವೆ ಬಂದು ಸೇರಿದ ಗೆರೆಯನ್ನು ಮೈಕ್ರೊಸ್ಕೋಪಿನಲ್ಲಿ ನೋಡಿದ ಕುಲಕರ್ಣಿ ಸರ್ ತಲೆ ಎತ್ತದೆ ಕರೆದರು.

"ಐರಿನ್ ಅವರ, ಬರ್ರಿಲ್ಲೆ. ಲಗ್ನ ಆಗೇದ ನೋಡ್ರಿ."

ಗೆರೆಯ ಉದ್ದಕ್ಕೂ ಊಸ್ಪೋರುಗಳು. ದುಂಡಗೆ, ಚಿನ್ನದ ಬಣ್ಣಕ್ಕೆ, ಮಣಿಸರ ಕಡಿದು ಚೆಲ್ಲಿದ ಹಾಗೆ. ಬೇರೆ ದಿನವಾಗಿದ್ದರೆ ನಾನೂ ಕುಣಿಯುತ್ತಿದ್ದೆ. ಸರ್ ಆಗಲೇ ಪೇಪರಿನ ಟೈಟಲ್ ಯೋಚಿಸುತ್ತಿದ್ದರು, ರೈ ಅವರು ಖರೇನ ಹೇಳಿದ್ರು ಎನ್ನುತ್ತಿದ್ದರು. ನನ್ನ ಕಣ್ಣೆದುರು ತೊಡೆಯ ಮೇಲಿನ ಆ ಟೊಪ್ಪಿ ಬಂತು. ಈ ಮಾತು ಸಂಜೆಯೊಳಗೆ ನರಿಮೊಗರು ಮುಟ್ಟುತ್ತದೆ. ನಾಳೆಯಿಂದ ಹಮೀದಾಕನನ್ನು ಪೇಟೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೋ.

ಕಾನ್ವೆಂಟಿನಲ್ಲಿ ನಮಗೆ ಬಯಾಲಜಿ ಕಲಿಸಿದ ಸಿಸ್ಟರ್ ಬಿಯಾಟ್ರಿಸ್ ಚಿತ್ರ ಬಿಡಿಸುವ ಮೊದಲು ಭಾಗಗಳ ಹೆಸರು ಬರೆದರೆ ಗೆಣ್ಣಿಗೆ ಸ್ಕೇಲಿನಿಂದ ಕೊಡುತ್ತಿದ್ದರು. ಮೊದಲು ಕಂಡದ್ದು, ಆಮೇಲೆ ಹೆಸರು. ಅದೇ ಕೈಗೆ ಬಂತೋ ಏನೋ, ನಾನು ಹೇಳಿದೆ, "ಸರ್, ಮಕ್ಕಳಿರುದು ಕಾಣ್ತದೆ. ಮದುವೆ ಆದದ್ದು ಎಲ್ಲಿ ಕಾಣ್ತದೆ?"

ಕುಲಕರ್ಣಿ ಸರ್‌ನ ದೊಡ್ಡ ಗುಣ ಇದು, ಹೊಸ ಮಕ್ಕಳೇ, ಇಂಥ ಬಾಸ್ ಸಿಕ್ಕಿದರೆ ಟ್ರಾನ್ಸ್‌ಫರ್ ಕೇಳಬೇಡಿ. ತಮ್ಮ ಖುಷಿಗೆ ಯಾರಾದರೂ ನೀರು ಹಾಕಿದರೆ ಅವರು ಸಿಟ್ಟಾಗುತ್ತಿರಲಿಲ್ಲ. ಕನ್ನಡಕ ತೆಗೆದು ಒರಸುತ್ತಿದ್ದರು. ಒರಸಿ ಒರಸಿ ಕೊನೆಗೆ "ಹಾರ್ಮೋನ್" ಎಂದರು. ಈ ಕುಲದಲ್ಲಿ ಒಂದು ಬಗೆ ಬಿಡುವ ಹಾರ್ಮೋನು ಎದುರಿನ ಬಗೆಯನ್ನು ಎಬ್ಬಿಸುತ್ತದೆ, ಅದಕ್ಕೆ ಜಾತಿಯ ಭೇದವಿಲ್ಲ ಎಂದು ಅವರು ಓದುವ ಕಾಲದಲ್ಲಿ ಕಲಿತಿದ್ದರು. ಗುಂಡಿಯ ಬಟಾಟೆಯದ್ದು ಎ-ಟೂ, ತೋಟದ್ದು ಎ-ವನ್. ಮುಟ್ಟಲೇಬೇಕೆಂದಿಲ್ಲ.

ಮುಟ್ಟದ ಹಾಗೆ ಮಾಡಿ ನೋಡೋಣ ಎಂದು ಹೊರಟೆವು. ನೀರು ಸೋಸಲು ನಮ್ಮಲ್ಲಿ ತೆಳ್ಳಗಿನ ಮೆಂಬ್ರೇನುಗಳಿದ್ದವು. ನೂಲು ತೂರಲಾರದಷ್ಟು ಸಣ್ಣ ರಂಧ್ರ, ಹಾರ್ಮೋನು ಮಾತ್ರ ಹಾಯುತ್ತದೆ. ಮೆಂಬ್ರೇನಿನ ಕೆಳಗೆ ಒಂದನ್ನು, ಮೇಲೆ ಇನ್ನೊಂದನ್ನು ಬೆಳೆಸಿದೆವು. ಮೊದಲನೇ ಸಲ ಮೆಂಬ್ರೇನ್ ಹರಿಯಿತು. ಎರಡನೇ ಸಲ ಬ್ಯಾಕ್ಟೀರಿಯಾ ಬಂತು. ದೀಪಾವಳಿ ಹತ್ತಿರವಾಗುತ್ತಿತ್ತು. ಹಮೀದಾಕ ಫೋನ್ ಮಾಡುತ್ತಿರಲಿಲ್ಲ. ನನ್ನ ಬುಟ್ಟಿಯ ಬಟಾಟೆ ಮಾತ್ರ ತಪ್ಪದೆ ಕಳಿಸುತ್ತಿದ್ದರು.

ಮೂರನೇ ಸಲದ್ದನ್ನು ಬಿಡಿಸಿ ನೋಡಿದಾಗ ಗೋಡೆಯ ಎರಡೂ ಬದಿಯಲ್ಲಿ ಊಸ್ಪೋರುಗಳಿದ್ದವು. ಒಂದು ನೂಲೂ ಆಚೆ ಹೋಗಿರಲಿಲ್ಲ. ಆಚೆಮನೆಯ ಪರಿಮಳಕ್ಕೆ ಎಚ್ಚರಗೊಂಡು ಒಂದೊಂದೂ ತಾನೊಂದೇ, ತನ್ನೊಳಗಿನ ಗಂಡು ಹೆಣ್ಣಿನಿಂದಲೇ, ಮಕ್ಕಳನ್ನು ಮಾಡಿಕೊಂಡಿತ್ತು. ಸೆಲ್ಫಿಂಗ್ ಎನ್ನುತ್ತೇವೆ. ಮೈಕ್ರೊಸ್ಕೋಪಿನ ಮೇಲೆ ಬಗ್ಗಿದ್ದವಳಿಗೆ ನಮ್ಮ ಕಾನ್ವೆಂಟಿನ ಕಾಂಪೌಂಡ್ ನೆನಪಾಯಿತು. ಗೋಡೆಯಾಚೆ ಬಾಯ್ಸ್ ಸ್ಕೂಲು. ಅಲ್ಲಿ ಬ್ಯಾಂಡ್ ಬಾರಿಸಿದರೆ ಈಚೆ ನಾವೆಲ್ಲ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದೆವು. ಅವರ ಮುಖ ಸಹ ನೋಡಿರಲಿಲ್ಲ.

ರೈಗಳನ್ನೂ ಹಮೀದಾಕನನ್ನೂ ಒಟ್ಟಿಗೆ ಕರೆಸಿದೆವು. ಇಬ್ಬರೂ ಸ್ಟೂಲುಗಳನ್ನು ದೂರ ಎಳೆದುಕೊಂಡು ಕುಳಿತರು. ನಾನು ಮೆಂಬ್ರೇನ್ ತೋರಿಸಿದೆ, ಎರಡು ಬದಿ ತೋರಿಸಿದೆ. ಕಾನ್ವೆಂಟಿನ ಗೋಡೆಯ ಕಥೆಯನ್ನೂ ಹೇಳಿದೆ. ಅದು ಇಲ್ಲದೆ ವಿವರಿಸುವ ದಾರಿ ಇರಲಿಲ್ಲ. ಲೋಕದಲ್ಲಿ ಎಲ್ಲೂ ಎರಡು ಜಾತಿ ಕೂಡಿಲ್ಲ ಎಂದು ಹೇಳಲಾರೆ, ಅಪರೂಪಕ್ಕೆ ಉಂಟು. ಇಲ್ಲಿ ಆಗಿಲ್ಲ ಎಂದೆ.

ರೈಗಳು ಬಹಳ ಹೊತ್ತು ಮೈಕ್ರೊಸ್ಕೋಪಿಗೆ ಕಣ್ಣಿಟ್ಟು ಕುಳಿತರು. "ಹಾಗಾದ್ರೆ ಈ ಮಕ್ಕಳು ಯಾವ ಬರಿ?"

"ಒಂದೊಂದು ಮಗುವೂ ಹೆತ್ತ ತಾಯಿಯದ್ದೇ ಬರಿ, ರೈಗಳೇ. ಅಪ್ಪ ಅಂತ ಹೊರಗಿಂದ ಯಾರೂ ಬರಲಿಲ್ಲ."

"ಮತ್ತೆ ನನ್ನ ತೋಟಕ್ಕೆ ಬಂದದ್ದು ಎಲ್ಲಿಂದ?"

ಆ ಉತ್ತರ ನನ್ನ ಹತ್ತಿರ ಇತ್ತು. ಸ್ಯಾಂಪಲ್ ತರಲು ಹೋದ ದಿನವೇ ನಾನು ತಲೆ ಎತ್ತಿ ನೋಡಿದ್ದೆ. ಬೇಲಿ ಬದಿಯ ಮರಗಳ ತುದಿಯಲ್ಲಿ ಹಿಂದಿನ ವರ್ಷದ ಕೊಳೆತ ಗೊನೆಗಳು ಕಪ್ಪಗೆ ಒಣಗಿ ಹಾಗೆಯೇ ನಿಂತಿದ್ದವು. ಅವುಗಳಲ್ಲಿ ಒಂದನ್ನು ಇಳಿಸಿ ತಂದು ಬೆಳೆಸಿದಾಗ ಅದೇ ರೋಗ, ಅದೇ ಎ-ವನ್. ಹಿಂದಿನ ವರ್ಷ ಮರ ಹತ್ತುವವರು ಸಿಗದೆ ಆ ಬದಿಯ ಕೊಳೆತ ಗೊನೆ ಇಳಿಸುವುದು ಬಿಟ್ಟುಹೋಗಿತ್ತು, ಹೊಸ ಮಳೆಗೆ ರೋಗ ಅಲ್ಲಿಂದಲೇ ಇಳಿದಿತ್ತು. ಇದನ್ನು ಹಮೀದಾಕನ ಎದುರು ಹೇಳುವುದು ಹೇಗೆ ಎಂದು ನಾನು ಕುಲಕರ್ಣಿ ಸರ್ ಮುಖ ನೋಡಿದೆ. ಅವರು ಕನ್ನಡಕ ಒರಸುತ್ತಿದ್ದರು. ನಾನೇ ಹೇಳಿದೆ.

ಹಮೀದಾಕ ಚುಚ್ಚಿ ಒಂದು ಮಾತು ಅನ್ನಬಹುದಾಗಿತ್ತು, ಅವರ ಬಾಯಿ ನನಗೆ ಗೊತ್ತು. ಅದರ ಬದಲು ಅವರೇ ತುಳುವಿನಲ್ಲಿ, ಆ ಗುಂಡಿಯನ್ನು ಮಣ್ಣು ಹಾಕಿ ಮುಚ್ಚಿಸುತ್ತೇನೆ, ವಾಸನೆಗಾದರೂ ಅದು ಅಲ್ಲಿರಬಾರದಿತ್ತು ಎಂದರು. ರೈಗಳು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು.

"ಮಂಗಳೂರಿನವನಿಗೆ ಬೇಡ ಅಂತ ಫೋನ್ ಮಾಡ್ತೇನೆ. ಮದುವೆಗೆ ಬಟಾಟೆ ನೀನೇ ಕಳಿಸುದು."

"ಕಳಿಸುವ. ಬರಿ ವಿಚಾರಿಸಿ ಕಳಿಸುದಾ, ಹಾಗೆಯೇ ಆಗ್ತದಾ?"

"ಹೋಗಾ ಮಾರಾಯ" ಎಂದರು ರೈಗಳು. ಸ್ಟೂಲು ಹತ್ತಿರ ಬಂದಿತ್ತು, ಯಾರು ಎಳೆದರೆಂದು ನಾನು ನೋಡಲಿಲ್ಲ.

ಈಗ ನಿಮಗೆ ಮೆಂಬ್ರೇನಿನ ಸರ್ಕಸ್ ಬೇಡ. ಎಲೆಯ ಕಲೆಯನ್ನು ಒಂದು ಕಾರ್ಡಿಗೆ ಒತ್ತಿ ಅಂಚೆಗೆ ಹಾಕಿದರೆ ಡಿಎನ್‌ಎ ತಂದೆ ತಾಯಿ ಎಲ್ಲ ಹೇಳಿಬಿಡುತ್ತದೆ. ಮೊದಲು ಎರಡನ್ನೂ ಎದುರುಬದುರು ಇಟ್ಟ ಆ ತಟ್ಟೆಯಿಂದ ಮೊಳೆಸಿಟ್ಟ ಮಕ್ಕಳಲ್ಲಿ ಕೆಲವನ್ನು ನಾನು ರಿಟೈರ್ ಆಗುವ ಮೊದಲು ಹಾಗೆ ಕಳಿಸಿ ನೋಡಿದೆವು. ಒಂದರಲ್ಲೂ ಎರಡು ಮನೆಯ ಗುರುತು ಇರಲಿಲ್ಲ. ಅಂಗಮಾರಿಯ ಜೀನುಗಳ ನಕ್ಷೆಯನ್ನೂ ಓದಿದೆ. ದಿನನಿತ್ಯದ ಕೆಲಸದ ಜೀನುಗಳು ಪೇಟೆಯ ಅಂಗಡಿಗಳ ಹಾಗೆ ಒತ್ತೊತ್ತಾಗಿ ಕುಳಿತಿರುತ್ತವೆ, ಬದಲಾಗುವುದು ಕಡಿಮೆ. ಗಿಡದ ಮೇಲೆ ದಾಳಿ ಮಾಡುವ ಜೀನುಗಳು ಇರುವುದು ಊರ ಹೊರಗಿನ ಖಾಲಿ ಜಾಗದಲ್ಲಿ. ನಮ್ಮ ಬೈಪಾಸ್ ಬದಿಯ ಹಾಗೆ, ಅಲ್ಲಿ ನಿತ್ಯ ಏನಾದರೂ ಕೆಡವುತ್ತಾರೆ, ಏನಾದರೂ ಕಟ್ಟುತ್ತಾರೆ. ಬಟಾಟೆಗೆ ನೀವು ಹೊಸ ಬೀಗ ಹಾಕಿದರೆ ಅದು ಅಲ್ಲಿ ಹೊಸ ಕೀಲಿ ಮಾಡಿಕೊಳ್ಳುತ್ತದೆ. ನಿಮಗೆ ಕೆಲಸ ಕಡಿಮೆಯಾಗುವುದಿಲ್ಲ, ಡೋಂಟ್ ವರಿ. ಆದರೆ ಕಾರ್ಡಿನಲ್ಲಿ ಬಂದ ಉತ್ತರವನ್ನು ಯಾರಿಗೆ ಹೇಳುತ್ತೀರೋ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿ. ಅದು ಅಂಚೆಯಲ್ಲಿ ಆಗುವ ಕೆಲಸವಲ್ಲ.

ಆ ಡಿಸೆಂಬರಿನಲ್ಲಿ ಮದುವೆಗೆ ಹೋದೆ. ಬಾಳೆಎಲೆಯ ಮೇಲೆ ಬಟಾಟೆ ಪಲ್ಯ ಬಿತ್ತು. ಅಭ್ಯಾಸ ನೋಡಿ, ಒಂದು ಹೋಳನ್ನು ಬೆರಳಿನಿಂದ ಮಗುಚಿ ಅಡಿಭಾಗ ನೋಡಿದೆ, ಬಿಳಿ ಉಂಟೋ ಎಂದು. ಪಂಕ್ತಿಯ ತುದಿಯಲ್ಲಿ ಸಾರಿನ ಬಕೆಟ್ ಹಿಡಿದು ನಿಂತಿದ್ದ ಹಮೀದಾಕ ಅದನ್ನು ಕಂಡರು. ಪಕ್ಕದಲ್ಲಿ ಜರಿ ಶಾಲು ಹೊದ್ದ ರೈಗಳಿಗೆ ಮೊಣಕೈಯಿಂದ ತಿವಿದು ತೋರಿಸಿದರು.

ರೈಗಳು ಅಲ್ಲಿಂದಲೇ ಗಟ್ಟಿಯಾಗಿ ಕೇಳಿದರು, "ಬಾಯಮ್ಮ, ನಮ್ಮ ಹುಡುಗಿಯ ಮದುವೆಯಾದ್ರೂ ನಂಬ್ತೀರಾ, ಅಲ್ಲ ಅದಕ್ಕೂ ರಿಪೋರ್ಟ್ ಬರ್ಬೇಕಾ?"

ಇಡೀ ಪಂಕ್ತಿ ನನ್ನ ಎಲೆ ನೋಡಿತು. ನಾನು ಹೋಳನ್ನು ಬಾಯಿಗಿಟ್ಟುಕೊಂಡು, ಇನ್ನೂ ಸ್ವಲ್ಪ ಬಡಿಸಿ ಎಂದೆ.